ಸ್ಪೀಕರ್ ತಂದಾಯ್ತು, ಕೇಳಿಸೋದೇನು?

ಮನೆಗೆ ಹೊಸ ಸ್ಟೀರಿಯೋ ತಂದವರಿಗೆಲ್ಲ ಒಂದೇ ಕಾಯಿಲೆ ಬರುತ್ತದೆ. ಬಂದವರನ್ನು ಹಿಡಿದು ಸೋಫಾದ ನಟ್ಟನಡುವೆ ಕೂರಿಸಿ, 'ಒಂದೇ ಒಂದು ಹಾಡು ಕೇಳಿ' ಅನ್ನೋದು. ನನಗೂ ಬಂತು. ಎರಡು ಸ್ಪೀಕರು, ಒಂದು ಆಂಪ್ಲಿಫೈಯರು, ಒಂದು ಸಿಡಿ ಪ್ಲೇಯರು. ಒಟ್ಟು ಎಷ್ಟಾಯ್ತು ಅಂತ ಎಕ್ಕಂಬಿಯ ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಅಪ್ಪಯ್ಯ ಅದನ್ನು ಅಡಿಕೆಯ ಕ್ವಿಂಟಾಲಿನಲ್ಲಿ ಲೆಕ್ಕ ಹಾಕುತ್ತಾನೆ.

ತಂದ ಮೇಲೆ ಶುರುವಾಗುವುದೇ ಅಸಲಿ ಸಮಸ್ಯೆ. ಇದರಲ್ಲಿ ಕೇಳಿಸೋದೇನು? ಶೋರೂಮುಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಈಗಲ್ಸ್ ತಂಡದ 1994ರ 'ಹೆಲ್ ಫ್ರೀಜಸ್ ಓವರ್' ಆಲ್ಬಮ್ಮಿನ 'ಹೋಟೆಲ್ ಕ್ಯಾಲಿಫೋರ್ನಿಯಾ'. ಗಿಟಾರಿನ ತಂತಿ ಕಣ್ಣಿಗೆ ಕಂಡಂತಾಗುತ್ತದೆ, ಡ್ರಮ್ಮಿನ ಪೆಟ್ಟು ಎದೆಗೇ ಬೀಳುತ್ತದೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ನಾಲ್ಕನೇ ಸಲ ಹಾಕುವಾಗ ನನಗೇ ಗೊತ್ತಾಯ್ತು, ನಾನು ಹಾಡು ಕೇಳುತ್ತಿಲ್ಲ, ಡ್ರಮ್ಮಿಗಾಗಿ ಕಾಯುತ್ತಿದ್ದೇನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಟೆಸ್ಟ್ ಕೇಸ್, ಪ್ರಾಡಕ್ಟ್ ಅಲ್ಲ.

ಆಮೇಲೆ ಸಿಕ್ಕಿದ್ದು 'ಎ ಮೀಟಿಂಗ್ ಬೈ ದ ರಿವರ್'. ವಿಶ್ವಮೋಹನ ಭಟ್ಟರ ಮೋಹನವೀಣೆ, ರೈ ಕೂಡರ್ ಅವರ ಸ್ಲೈಡ್ ಗಿಟಾರು. 1993ರಲ್ಲಿ ಬಂದ ಈ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಇಬ್ಬರೂ ಭೇಟಿಯಾಗಿ ಒಂದು ಗಂಟೆಯೂ ಆಗಿರಲಿಲ್ಲವಂತೆ, ನುಡಿಸಲು ಕೂತರು. ಜಾಗ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚಾಪೆಲ್. ರೆಕಾರ್ಡ್ ಮಾಡಿದ ಕವಿ ಅಲೆಕ್ಸಾಂಡರ್ ಪ್ರತಿ ವಾದ್ಯದ ಮೂತಿಗೊಂದು ಮೈಕು ಹಿಡಿಯಲಿಲ್ಲ. ಒಂದು ಜೋಡಿ ಮೈಕು ಎದುರಿಗಿಟ್ಟು, ನೇರ ಅನಲಾಗ್ ಟೇಪಿಗೆ ಇಳಿಸಿಕೊಂಡರು. ಹಾಗಾಗಿ ನಮಗೆ ವಾದ್ಯದ ಜೊತೆ ಆ ಕೋಣೆಯೂ ಕೇಳುತ್ತದೆ. ತಂತಿ ಮಿಡಿದ ಮೇಲೆ ನಾದ ಗೋಡೆಯವರೆಗೆ ಹೋಗಿ ಸಾಯುವುದೂ ಕೇಳುತ್ತದೆ. ಇಲ್ಲಿ ನಾನು ಸ್ಪೀಕರ್ ಮರೆತೆ. ಒಳ್ಳೆಯ ರೆಕಾರ್ಡಿಂಗಿಗೆ ನನ್ನ ಮಟ್ಟಿಗೆ ಇದೇ ಗುರುತು.

ಸರಿ, ಕನ್ನಡದಲ್ಲಿ? ಇಳಯರಾಜ ಅವರ 'ಗೀತಾ' (1981) ಹಾಕಿದರೆ ಬೇಸ್ ಗಿಟಾರು ಬೇರೆಯೇ ಒಂದು ರಾಗವನ್ನು ನೇಯುತ್ತಿರುವುದು ಮೊದಲ ಸಲ ಕೇಳಿಸುತ್ತದೆ. ಅದು ಖುಷಿ. 1978ರ 'ನಿತ್ಯೋತ್ಸವ'ದಿಂದ ಶುರುವಾದ ಭಾವಗೀತೆಗಳ ಕ್ಯಾಸೆಟ್ ಕಾಲಕ್ಕೆ ಬಂದರೆ ಕಥೆ ಬೇರೆ. ದನಿ ಮುಖಕ್ಕೆ ಬಂದು ನಿಲ್ಲುತ್ತದೆ, ವಾದ್ಯಗಳು ಹಿಂದೆ ಒಂದೇ ಗೋಡೆಗೆ ಅಂಟಿಕೊಂಡಿರುತ್ತವೆ. ಮೊದಲು ಇದನ್ನು ದೋಷ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಹಾಡುಗಳು ಹೋಗಿ ತಲುಪಬೇಕಾಗಿದ್ದು ಬಸ್ಸಿಗೆ, ಹೋಟೆಲ್ಲಿಗೆ, ಅಡುಗೆಮನೆ ಕಪಾಟಿನ ಮೇಲಿನ ಟೂ-ಇನ್-ಒನ್‌ಗೆ. ಬಸ್ಸಿನ ಗಲಾಟೆಯಲ್ಲೂ ಕವಿತೆಯ ಶಬ್ದ ಅರ್ಥವಾಗಬೇಕಿತ್ತು, ಆಗುತ್ತಿತ್ತು. ಕೆಲಸ ಸರಿಯಾಗಿಯೇ ಆಗಿದೆ. ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಿಕೆಗಳಲ್ಲಿ ಸರಬರ ಸದ್ದಿದ್ದರೂ ಎರಡು ನಿಮಿಷದ ನಂತರ ಕಿವಿ ಅದನ್ನು ತಾನೇ ಬದಿಗೆ ಸರಿಸುತ್ತದೆ.

ಸಿಕ್ಕಿಬಿದ್ದಿದ್ದು ಯಕ್ಷಗಾನದಲ್ಲಿ.

ಅಪ್ಪಯ್ಯ ಬೆಂಗಳೂರಿಗೆ ಬಂದಾಗ ಅವನನ್ನೂ ಸೋಫಾದ ನಡುವೆ ಕೂರಿಸಿದೆ. ಮೋಹನವೀಣೆಗೆ ತಲೆದೂಗಿದ. ಆಮೇಲೆ, ನಮ್ಮೂರ ಗದ್ದೆಬಯಲಲ್ಲಿ ತೊಂಬತ್ತರ ದಶಕದಲ್ಲಿ ಆದ ಆಟವೊಂದನ್ನು ಯಾರೋ ಟೇಪಿಗೆ ಹಿಡಿದಿದ್ದರಲ್ಲ, ಅದನ್ನು ಹಾಕು ಅಂದ. ಆ ಕ್ಯಾಸೆಟ್ಟನ್ನು ನಾನೇ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆ. ಹಾಕಿದೆ. ಐದು ನಿಮಿಷ ಸುಮ್ಮನೆ ಕೂತ. ಆಮೇಲೆ, "ತಮಾ, ಚಂಡೆ ಡಬ್ಬಿ ಬಡದಾಂಗೆ ಕೇಳ್ತಲಾ" ಅಂದ.

ನಿಜ, ಹಾಗೇ ಕೇಳುತ್ತಿತ್ತು. ಆಟ ನೋಡಿದವರಿಗೆ ಗೊತ್ತು, ಚಂಡೆಯ ಪೆಟ್ಟು ಎರಡು ಗದ್ದೆ ದಾಟಿ ಬರುತ್ತದೆ. ಮರುಕ್ಷಣ ಭಾಗವತರು ಶೃಂಗಾರದ ಪದ ಎತ್ತಿಕೊಂಡರೆ ಮದ್ದಳೆಯ ಬೆರಳು ತಾಗುವುದೂ ಕೇಳಬೇಕು. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಇರುವ ಈ ಅಂತರವನ್ನು ಹಿಡಿಯಲು ಸಾಮಾನ್ಯ ಕ್ಯಾಸೆಟ್ಟಿಗೆ ಇದ್ದಿದ್ದು ಸುಮಾರು 50-60 ಡೆಸಿಬೆಲ್ ಜಾಗ. ಸಿಡಿಯಲ್ಲಿ 96 ಸಿಗುತ್ತದೆ. ಅದರ ಮೇಲೆ ಟೂ-ಇನ್-ಒನ್‌ಗಳಲ್ಲಿ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸರ್ಕ್ಯೂಟು ಇರುತ್ತಿತ್ತು. ಚಂಡೆ ಬಿದ್ದ ಕೂಡಲೇ ಅದು ಎಲ್ಲವನ್ನೂ ತಗ್ಗಿಸುತ್ತದೆ. ಪ್ರತಿ ಪೆಟ್ಟಿಗೂ ಭಾಗವತರ ದನಿ ನೀರಲ್ಲಿ ಮುಳುಗಿ ಏಳುತ್ತದೆ. ನನ್ನ ದುಬಾರಿ ಸ್ಪೀಕರು ಆ ಮುಳುಗುವಿಕೆಯನ್ನು ಬಹಳ ಪ್ರಾಮಾಣಿಕವಾಗಿ ತೋರಿಸುತ್ತಿತ್ತು, ಅಷ್ಟೇ.

"ಮೊಬೈಲಲ್ಲೇ ಹಾಕು, ಅಡ್ಡಿಲ್ಲೆ" ಅಂದ ಅಪ್ಪಯ್ಯ. ಹಾಕಿದೆ. ಆಶ್ಚರ್ಯ ಅಂದರೆ ಅದೇ ವಾಸಿಯಾಗಿತ್ತು. ಮೊಬೈಲಿನ ಸಣ್ಣ ಸ್ಪೀಕರಿಗೆ ತಳದ ಗುಂಯ್ ಸದ್ದೂ ಬರುವುದಿಲ್ಲ, ಮೇಲಿನ ಸರಬರವೂ ಅಷ್ಟಾಗಿ ಬರುವುದಿಲ್ಲ. ಉಳಿಯುವುದು ನಡುವಿನ ಮನುಷ್ಯನ ದನಿ. ಅಪ್ಪಯ್ಯ ಫೋನನ್ನು ಕಿವಿಯ ಹತ್ತಿರ ಹಿಡಿದು, ತೊಡೆಯ ಮೇಲೆ ತಾಳ ಹಾಕುತ್ತ ಪೂರ್ತಿ ಕೇಳಿದ. ನನ್ನ ಸಿಸ್ಟಮ್ಮು ಪಕ್ಕದಲ್ಲಿ ನೀಲಿ ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತ್ತು.

ಹಾಗಾದರೆ ಕೆಟ್ಟ ರೆಕಾರ್ಡಿಂಗೇ ಸಾಕು, ಭಾವ ಮುಖ್ಯ ಅಂತ ಮುಗಿಸಬಹುದು. ಆದರೆ ಅದು ಸೋಮಾರಿ ಉತ್ತರ. ಅಪ್ಪಯ್ಯನಿಗೆ ಸಾಕಾಯ್ತು, ಯಾಕೆಂದರೆ ಅವನು ಆ ಆಟ ಕಂಡಿದ್ದಾನೆ, ಟೇಪಿನಲ್ಲಿ ಇಲ್ಲದ್ದನ್ನು ನೆನಪಿನಿಂದ ತುಂಬಿಸಿಕೊಳ್ಳುತ್ತಾನೆ. ಇಲ್ಲೇ ಹುಟ್ಟಿ ಬೆಳೆಯುತ್ತಿರುವ ನನ್ನ ಮಗಳು ಎಲ್ಲಿಂದ ತುಂಬಿಸಿಕೊಳ್ಳಬೇಕು? ಕಾಳಿಂಗ ನಾವಡರು 1990ರಲ್ಲೇ ಹೋದರು. ನಮ್ಮ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ಹೋದರು. ಅವರನ್ನು ಕೇಳಿದ ತಲೆಮಾರು ಇರುವವರೆಗೆ ಹಳೆಯ ಟೇಪುಗಳು ಸಾಕು. ಆಮೇಲೆ ಉಳಿಯುವುದು ಡಬ್ಬಿ ಬಡಿದ ಸದ್ದು ಮಾತ್ರ.

ಆಗ ಸಲಕರಣೆ ಇರಲಿಲ್ಲ, ಒಪ್ಪೋಣ. ಈಗಲೂ ನಾವು ಮಾಡುವುದೇನು? ಮುಂದಿನ ಸಾಲಿನಲ್ಲಿ ಕೂತು, ಮೈಕ್ ಸೆಟ್ಟಿನಿಂದ ಬರುವ ಸದ್ದನ್ನು ಫೋನಿಗೆ ಹಿಡಿದು ಗ್ರೂಪಿಗೆ ಹಾಕುತ್ತೇವೆ. ಆ ಚಾಪೆಲ್ಲಿನಲ್ಲಿ ಇದ್ದಿದ್ದು ಒಂದು ಜೋಡಿ ಮೈಕು ಮತ್ತು ನಿಶ್ಶಬ್ದವನ್ನು ಗೌರವಿಸುವ ಒಬ್ಬ ಮನುಷ್ಯ. ನಮ್ಮ ಹಳ್ಳಿಮನೆಯ ಮರದ ಮುಚ್ಚಿಗೆಯ ಜಗಲಿಯಲ್ಲಿ, ಧ್ವನಿವರ್ಧಕ ಇಲ್ಲದ ತಾಳಮದ್ದಳೆಗೆ ಅಷ್ಟು ಸಾಲದೇ?

ಕಳೆದ ಮಳೆಗಾಲ ಒಂದು ಸಣ್ಣ ಸ್ಟೀರಿಯೋ ರೆಕಾರ್ಡರ್ ಕೊಂಡು, ಭಾಗವತರ ಒಪ್ಪಿಗೆ ಕೇಳಿ, ಊರಲ್ಲಿ ಪ್ರಯತ್ನಿಸಿದೆ. ಮಟ್ಟ ಜಾಸ್ತಿ ಇಟ್ಟುಬಿಟ್ಟಿದ್ದೆ, ಚಂಡೆಯ ಮೊದಲ ಪೆಟ್ಟಿಗೇ ಕೆಂಪು ದೀಪ. ಅರ್ಧ ಪ್ರಸಂಗ ಹಾಳು. ಉಳಿದರ್ಧದಲ್ಲಿ ಹಂಚಿನ ಮೇಲೆ ಮಳೆ, ಯಾರದೋ ಕೆಮ್ಮು, ಚಹಾ ಲೋಟದ ಸದ್ದು. ಆದರೆ ಮದ್ದಳೆ ಎಲ್ಲಿದೆ, ಚಂಡೆ ಎಷ್ಟು ದೂರ ಇದೆ ಅಂತ ಕಣ್ಣುಮುಚ್ಚಿ ಹೇಳಬಹುದು.

ನಿಮ್ಮಲ್ಲೂ ಒಳ್ಳೆಯ ಸ್ಪೀಕರ್ ಇದ್ದರೆ, ಮುಂದಿನ ಅಪ್‌ಗ್ರೇಡಿಗೆ ಇಟ್ಟ ದುಡ್ಡನ್ನು ಒಂದು ಸಲ ಎರಡು ಮೈಕಿಗೆ ಹಾಕಿ ನೋಡಿ. ಮತ್ತೆ, ಮಟ್ಟ ಕಡಿಮೆ ಇಟ್ಟುಕೊಳ್ಳಿ.