ಜೊತೆಯಲ್ಲಿ ಹೊರಟ ಅನ್ಯರು: ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯ ವಿಮೋಚನಾ ದೃಷ್ಟಿ

ಜಾನ್ ಸ್ಟೈನ್‌ಬೆಕ್ ಅವರ ‘ದಿ ಗ್ರೇಪ್ಸ್ ಆಫ್ ರಾತ್’ (1939) ದೈವಶಾಸ್ತ್ರದ ವಿದ್ಯಾರ್ಥಿಗೆ ಅಪರಿಚಿತವೆನಿಸದ ಕಾದಂಬರಿ. ಓಕ್ಲಹೋಮದ ಗೇಣಿದಾರ ಜೋಡ್ ಕುಟುಂಬವನ್ನು ಬರವೂ ಬ್ಯಾಂಕೂ ಟ್ರ್ಯಾಕ್ಟರೂ ಸೇರಿ ಒಕ್ಕಲೆಬ್ಬಿಸುತ್ತವೆ. ಹಳೆಯ ಮೋಟಾರು ವಾಹನವೊಂದರಲ್ಲಿ ಸಂಸಾರವನ್ನೆಲ್ಲ ಹೇರಿಕೊಂಡು, ಮರುಭೂಮಿಯನ್ನು ದಾಟಿ, ಅವರು ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. ಈ ಪಯಣದ ಹಿಂದೆ ಐಗುಪ್ತ, ಅರಣ್ಯ, ಕಾನಾನ್ ಎಂಬ ಮೂರು ಘಟ್ಟಗಳು ನಿಚ್ಚಳವಾಗಿ ತೋರುತ್ತವೆ. ಅಜ್ಜನು ಕನಸುವ ದ್ರಾಕ್ಷಿಗೊಂಚಲು ಅರಣ್ಯಕಾಂಡದಲ್ಲಿ ಗೂಢಚಾರರು ಎಷ್ಕೋಲಿನಿಂದ ಹೊತ್ತುತಂದ ಗೊಂಚಲನ್ನು ನೆನಪಿಸಿದರೆ, ಕೃತಿಯ ಹೆಸರು ಪ್ರಕಟನೆ ಗ್ರಂಥದ ದೈವಕೋಪದ ದ್ರಾಕ್ಷಿ ಆಲೆಯತ್ತ ಕೈತೋರಿಸುತ್ತದೆ. ಸತ್ತು ಹುಟ್ಟಿದ ಮಗುವನ್ನು ಪೆಟ್ಟಿಗೆಯಲ್ಲಿಟ್ಟು ನೆರೆನೀರಿಗೆ ಬಿಡುವ ಸನ್ನಿವೇಶ ಮೋಶೆಯ ಕಥೆಯನ್ನೇ ತಲೆಕೆಳಗು ಮಾಡಿ ಹೇಳುತ್ತದೆ.

ಇಂಥ ಸಾದೃಶ್ಯಗಳನ್ನು ಪಟ್ಟಿಮಾಡುವುದು ಸುಲಭ; ಹಲವರು ಮಾಡಿಯೂ ಇದ್ದಾರೆ. ಪ್ರಸ್ತುತ ಲೇಖನದ ಉದ್ದೇಶ ಬೇರೆ. ಈ ವಿಮೋಚನಾ ಕಥನದಲ್ಲಿ ಹೊರಟವರು ಯಾರು, ಕಥನದ ಅಂಚಿನಲ್ಲೇ ಉಳಿದವರು ಯಾರು ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ಕೃತಿಯ ಬಲವನ್ನು ಒಪ್ಪಿಕೊಳ್ಳಬೇಕು. ಪಾಪವು ವ್ಯಕ್ತಿಯ ಹೃದಯದಲ್ಲಷ್ಟೇ ಅಲ್ಲ, ವ್ಯವಸ್ಥೆಯ ಎಲುಬಿನಲ್ಲೂ ನೆಲೆಸಬಲ್ಲದು ಎಂಬುದನ್ನು ಈ ಕಾದಂಬರಿಯಷ್ಟು ಸರಳವಾಗಿ ತೋರಿಸಿದ ಕೃತಿಗಳು ವಿರಳ. ಮನೆ ಕೆಡವಲು ಬಂದ ಟ್ರ್ಯಾಕ್ಟರಿನವನೂ ಹಸಿದವನೇ; ಅವನ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ಇನ್ನೊಂದು. ಯಾರನ್ನು ದೂರಬೇಕೆಂದೇ ಗೇಣಿದಾರನಿಗೆ ತಿಳಿಯದು. ಪ್ರಸಂಗಪೀಠವನ್ನು ತೊರೆದ ಜಿಮ್ ಕೇಸಿ ಜನರನ್ನು ಮಾತ್ರ ತೊರೆಯುವುದಿಲ್ಲ. ಇನ್ನೊಬ್ಬರ ತಪ್ಪನ್ನು ಹೊತ್ತು ಸೆರೆಗೆ ಹೋಗುತ್ತಾನೆ. ಮುಷ್ಕರದ ನಡುವೆ, ಶಿಲುಬೆಯ ಮೇಲಣ ಪ್ರಾರ್ಥನೆಯನ್ನು ನೆನಪಿಸುವ ಮಾತನ್ನಾಡುತ್ತಾ ಸಾಯುತ್ತಾನೆ. ಕೊಯ್ಲುಗಾರರ ತಡೆಹಿಡಿದ ಕೂಲಿಯೇ ಕೂಗುತ್ತದೆಂಬ ಯಾಕೋಬನ ಪತ್ರಿಕೆಯ (5:4) ಮಾತಿಗೆ ಇದಕ್ಕಿಂತ ಸಮರ್ಥವಾದ ವ್ಯಾಖ್ಯಾನವನ್ನು ಕಥನಸಾಹಿತ್ಯದಲ್ಲಿ ಹುಡುಕುವುದು ಕಷ್ಟ.

ಆದರೆ ಜೋಡ್ ಕುಟುಂಬ ಬಂದು ಸೇರಿದ ಹೊಲಗಳು ಬರಿದಾಗಿರಲಿಲ್ಲ. 1850ರಲ್ಲೇ ಕ್ಯಾಲಿಫೋರ್ನಿಯಾ ಸಂಸ್ಥಾನವು ಮೂಲನಿವಾಸಿಗಳನ್ನು ಬಲವಂತದ ದುಡಿಮೆಗೆ ಒಳಪಡಿಸಲು ಅವಕಾಶವೀಯುವ ಕಾನೂನನ್ನು ರಚಿಸಿತು. ಅದೇ ವರ್ಷ ವಿದೇಶೀ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರುಗಳ ತೆರಿಗೆ ಬಿತ್ತು. 1854ರಲ್ಲಿ ಬಿಳಿಯನ ವಿರುದ್ಧ ಚೀನೀಯನ ಸಾಕ್ಷ್ಯ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಿಯೆರಾ ಪರ್ವತಗಳನ್ನು ಕೊರೆದು ರೈಲುಹಾದಿ ಹಾಸಿದ ಚೀನೀ ಕೂಲಿಕಾರರಿಗೆ 1882ರ ಕೇಂದ್ರ ಕಾನೂನು ದೇಶದ ಬಾಗಿಲನ್ನೇ ಮುಚ್ಚಿತು. ಆ ಕಾನೂನಿಗಾಗಿ ಗಟ್ಟಿಯಾಗಿ ಕೂಗಿದವರಲ್ಲಿ ಬಿಳಿಯ ಕಾರ್ಮಿಕ ಸಂಘಟನೆಗಳೂ ಇದ್ದವು. ಚೀನೀಯರ ಬಳಿಕ ಜಪಾನೀಯರು ಬಂದರು. ಅವರು ಸ್ವಂತ ನೆಲ ಹಿಡಿಯತೊಡಗಿದಾಗ 1913ರ ಭೂಕಾನೂನು ಅಡ್ಡಬಂದಿತು. ಬಳಿಕ ಮೆಕ್ಸಿಕೋದವರು, ಫಿಲಿಪಿನೋಗಳು. 1930ರ ಜನವರಿಯಲ್ಲಿ ವಾಟ್ಸನ್‌ವಿಲ್ ಊರಿನಲ್ಲಿ ಬಿಳಿಯರ ಗುಂಪುಗಳು ಹಲವು ದಿನ ಫಿಲಿಪಿನೋಗಳನ್ನು ಬೇಟೆಯಾಡಿದವು. ಒಬ್ಬ ಯುವ ಕೂಲಿಕಾರ ಗುಂಡಿಗೆ ಬಲಿಯಾದನು. ಕೂಲಿ ಬೇಕಾದಾಗ ಕರೆಯುವುದು, ಕೂಲಿಕಾರ ತಲೆಯೆತ್ತಿದಾಗ ಅಟ್ಟುವುದು, ಅವನ ಜಾಗಕ್ಕೆ ಮತ್ತೊಂದು ಜನಾಂಗವನ್ನು ತರುವುದು ಎಂಬ ಈ ಚಕ್ರವನ್ನು ಕೇರಿ ಮೆಕ್‌ವಿಲಿಯಮ್ಸ್ ಅವರ ‘ಫ್ಯಾಕ್ಟರೀಸ್ ಇನ್ ದ ಫೀಲ್ಡ್’ ಗ್ರಂಥ ವಿವರವಾಗಿ ಬಿಡಿಸಿತು. ಅದೂ 1939ರಲ್ಲೇ ಹೊರಬಂದುದು.

ಸ್ಟೈನ್‌ಬೆಕ್‌ಗೆ ಇದು ತಿಳಿದಿರಲಿಲ್ಲವೆ? ಚೆನ್ನಾಗಿ ತಿಳಿದಿತ್ತು. ಕಾದಂಬರಿಯ 19ನೆಯ ಅಧ್ಯಾಯದಲ್ಲಿ ಮೆಕ್ಸಿಕೋದವರಿಂದ ನೆಲ ಕಿತ್ತುಕೊಂಡ ಬಗೆಯನ್ನೂ, ಚೀನೀ, ಜಪಾನೀ, ಮೆಕ್ಸಿಕನ್, ಫಿಲಿಪಿನೋ ಕೂಲಿಕಾರರನ್ನು ಗುಲಾಮರಂತೆ ಆಮದು ಮಾಡಿಕೊಂಡುದನ್ನೂ ಅವರು ಹೇಳುತ್ತಾರೆ. ಆದರೆ ಹೇಳಿ ಮುಂದೆ ಸಾಗುತ್ತಾರೆ. ಈ ಜನರಲ್ಲಿ ಒಬ್ಬರಿಗೂ ಜೋಡ್ ಕುಟುಂಬದ ಪಕ್ಕದಲ್ಲಿ ಕುಳಿತು ಮಾತನಾಡುವ ಪಾತ್ರವಾಗುವ ಅವಕಾಶ ದೊರೆಯುವುದಿಲ್ಲ. 1936ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ವಲಸೆ ಕೂಲಿಕಾರರ ಕುರಿತು ಲೇಖನಮಾಲೆ ಬರೆದಿದ್ದರು. ಹೊಸದಾಗಿ ಬಂದವರು ಹಳೆಯ ಅಮೆರಿಕನ್ ಮನೆತನಗಳವರು, ಬಿಳಿಯರು. ಆದ್ದರಿಂದ ವಿದೇಶೀ ಕೂಲಿಗಳನ್ನು ನಡೆಸಿಕೊಂಡಂತೆ ಇವರನ್ನು ನಡೆಸಿಕೊಳ್ಳಲಾಗದು ಎಂಬುದು ಅಲ್ಲಿನ ವಾದದ ಒಂದು ಮುಖ್ಯ ಎಳೆ. 1938ರಲ್ಲಿ ಆ ಲೇಖನಗಳು ಪುಸ್ತಿಕೆಯಾದಾಗ ಅದಕ್ಕೆ ‘ದೇರ್ ಬ್ಲಡ್ ಈಸ್ ಸ್ಟ್ರಾಂಗ್’ ಎಂಬ ಹೆಸರಾಯಿತು. ‘ಇವರ ರಕ್ತ ಬಲವುಳ್ಳದ್ದು’ ಎಂಬ ಈ ಮಾತು ಹಸಿದವನ ಪರವಾಗಿ ನುಡಿದದ್ದೇ ಆದರೂ, ಬಲವಿಲ್ಲದ ರಕ್ತವೂ ಒಂದುಂಟೆಂಬ ಅರ್ಥ ಅದರೊಳಗೆ ಅಡಗಿದೆ. ದಯೆಯನ್ನು ರಕ್ತಸಂಬಂಧದ ಮೇಲೆ ಕೇಳಿಕೊಂಡಾಗ ಸಂಬಂಧವಿಲ್ಲದವನು ದಯೆಗೆ ಹೊರಗಾಗುತ್ತಾನೆ.

ಇದು ಒಮ್ಮೆ ಆದ ಎಡವಟ್ಟಲ್ಲ. 1933ರ ಶರತ್ಕಾಲದಲ್ಲಿ ಸ್ಯಾನ್ ವಾಕೀನ್ ಕಣಿವೆಯಲ್ಲಿ ಸಾವಿರಾರು ಮಂದಿ ಹತ್ತಿಕೂಲಿಕಾರರು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಮೆಕ್ಸಿಕನ್ನರು. ಪಿಕ್ಸ್ಲಿ ಎಂಬಲ್ಲಿ ಗುಂಡಿಗೆ ಬಿದ್ದವರೂ ಅವರೇ. ಆ ವರ್ಷದ ಮುಷ್ಕರಗಳಿಂದಲೇ ಸಾಮಗ್ರಿ ಪಡೆದ ಸ್ಟೈನ್‌ಬೆಕ್ ಅವರ ಹಿಂದಿನ ಕಾದಂಬರಿ ‘ಇನ್ ಡ್ಯೂಬಿಯಸ್ ಬ್ಯಾಟಲ್’ನಲ್ಲಿ (1936) ಮುಷ್ಕರಗಾರರು ಬಿಳಿಯರಾಗಿಬಿಟ್ಟಿದ್ದಾರೆ. ಜೋಡ್ ಕುಟುಂಬದಂಥವರು ಪಶ್ಚಿಮಕ್ಕೆ ಹೊರಟ ಆ ದಶಕದಲ್ಲೇ ಲಾಸ್ ಏಂಜಲೀಸಿನಿಂದ ರೈಲುಗಳು ಮೆಕ್ಸಿಕನ್ನರನ್ನು ತುಂಬಿಕೊಂಡು ದಕ್ಷಿಣದ ಗಡಿಯತ್ತ ಹೊರಟಿದ್ದವು. ಅಮೆರಿಕದಲ್ಲೇ ಹುಟ್ಟಿ ಪೌರರಾಗಿದ್ದ ಅವರ ಮಕ್ಕಳೂ ಅವುಗಳಲ್ಲಿದ್ದರು. ಒಂದು ನಿರ್ಗಮನಕ್ಕೆ ಮಹಾಕಾವ್ಯದ ಗೌರವ ದೊರೆಯಿತು. ಇನ್ನೊಂದು ಹೆಚ್ಚು ಸದ್ದಿಲ್ಲದೆ ನಡೆದುಹೋಯಿತು.

ಕಾದಂಬರಿಕಾರನು ಇತಿಹಾಸಕಾರನಲ್ಲ, ತಾನು ಕಂಡವರ ಕಥೆ ಹೇಳುವುದು ಅವನ ಹಕ್ಕು ಎಂಬ ಸಮಾಧಾನವಿದೆ. ಓಕ್ಲಹೋಮದ ಬಿಳಿಯ ಬಡವರನ್ನೂ ಕ್ಯಾಲಿಫೋರ್ನಿಯಾ ‘ಓಕಿ’ಗಳೆಂದು ಹೀಗಳೆದು ಬೇರೊಂದು ಜಾತಿಯ ಪ್ರಾಣಿಗಳಂತೆ ಕಂಡಿತೆಂಬುದೂ ನಿಜ. ಈ ಸಮಾಧಾನವನ್ನು ಸಾಮಾನ್ಯ ಕಾದಂಬರಿಗೆ ಒಪ್ಪಬಹುದು. ಆದರೆ ವಿಮೋಚನಕಾಂಡವನ್ನು ತನ್ನ ಅಚ್ಚಾಗಿ ಆರಿಸಿಕೊಂಡ ಕೃತಿಯನ್ನು ಆ ಅಚ್ಚಿನಿಂದಲೇ ಅಳೆಯುವುದು ನ್ಯಾಯ. ಆ ಗ್ರಂಥದ 12ನೆಯ ಅಧ್ಯಾಯದ 38ನೆಯ ವಚನ ನಮ್ಮ ಬೋಧನೆಗಳಲ್ಲಿ ವಿರಳವಾಗಿ ಕೇಳಿಬರುತ್ತದೆ: ಐಗುಪ್ತದಿಂದ ಹೊರಟವರು ಇಸ್ರಾಯೇಲ್ಯರಷ್ಟೇ ಅಲ್ಲ, ಅನ್ಯಜನರ ದೊಡ್ಡ ಗುಂಪೂ ಅವರ ಜೊತೆಗಿತ್ತು. ವಿಮೋಚನೆ ಮೊದಲ ರಾತ್ರಿಯಿಂದಲೇ ಒಂದು ವಂಶದ ಸೊತ್ತಾಗಿರಲಿಲ್ಲ. ಸ್ಟೈನ್‌ಬೆಕ್ ಕೈಬಿಟ್ಟದ್ದು ಈ ವಚನವನ್ನು.

ಆ ವಚನಕ್ಕೆ ಕ್ಯಾಲಿಫೋರ್ನಿಯಾದ ಮಣ್ಣಿನಲ್ಲೇ ನಿದರ್ಶನಗಳಿದ್ದವು. 1903ರಲ್ಲಿ ಆಕ್ಸ್‌ನಾರ್ಡಿನ ಬೀಟ್ ಹೊಲಗಳಲ್ಲಿ ಜಪಾನೀಯರೂ ಮೆಕ್ಸಿಕನ್ನರೂ ಒಂದೇ ಸಂಘ ಕಟ್ಟಿ ಗೆದ್ದರು. ಏಷ್ಯದವರನ್ನು ಕೈಬಿಟ್ಟರೆ ಮಾತ್ರ ಮಾನ್ಯತೆ ಎಂದು ರಾಷ್ಟ್ರೀಯ ಕಾರ್ಮಿಕ ಒಕ್ಕೂಟದ ಸ್ಯಾಮ್ಯುಯೆಲ್ ಗಾಂಪರ್ಸ್ ತಿಳಿಸಿದಾಗ ಮೆಕ್ಸಿಕನ್ನರು ಆ ಮಾನ್ಯತೆಯನ್ನೇ ತಿರಸ್ಕರಿಸಿದರು. 1965ರ ಸೆಪ್ಟೆಂಬರ್ 8ರಂದು, ಕಾದಂಬರಿಯ ಸರ್ಕಾರಿ ಶಿಬಿರವಿರುವ ಕರ್ನ್ ಕೌಂಟಿಯಲ್ಲೇ, ಡೆಲಾನೋದ ದ್ರಾಕ್ಷಿತೋಟಗಳಲ್ಲಿ ಫಿಲಿಪಿನೋ ಕೂಲಿಕಾರರು ಲ್ಯಾರಿ ಇಟ್ಲಿಯಾಂಗ್ ಅವರ ನೇತೃತ್ವದಲ್ಲಿ ಕೆಲಸ ನಿಲ್ಲಿಸಿದರು. ಸೆಸಾರ್ ಚಾವೆಸ್ ಅವರ ಮೆಕ್ಸಿಕನ್ ಸಂಘವು ಕೆಲವೇ ದಿನಗಳಲ್ಲಿ ಅವರೊಡನೆ ಸೇರಿತು. ಮರುವರ್ಷ ತಪಸ್ಸುಕಾಲದಲ್ಲಿ ಹೊರಟ ಪಾದಯಾತ್ರೆ ಪುನರುತ್ಥಾನದ ಭಾನುವಾರ ರಾಜಧಾನಿ ಸ್ಯಾಕ್ರಮೆಂಟೋವನ್ನು ಮುಟ್ಟಿತು. 1970ರಲ್ಲಿ ಬೆಳೆಗಾರರು ಒಪ್ಪಂದಕ್ಕೆ ಸಹಿಹಾಕಿದರು. ವಲಸೆ ಕಾರ್ಮಿಕರ ನಡುವೆ ಸೇವೆಗೈಯುತ್ತಿದ್ದ ಪ್ರೊಟೆಸ್ಟಂಟ್ ಸೇವಾಸಂಸ್ಥೆಯು ಮುಷ್ಕರದ ಪಕ್ಷ ವಹಿಸಿದ್ದಕ್ಕಾಗಿ, ಬೆಳೆಗಾರರೇ ಸದಸ್ಯರಾಗಿದ್ದ ಸಭೆಗಳ ಕೋಪಕ್ಕೆ ಗುರಿಯಾಯಿತು.

ಡೆಲಾನೋವನ್ನು ಆದರ್ಶವೆಂದು ಪೂಜಿಸುವಂತೆಯೂ ಇಲ್ಲ. ಮೊದಲು ಹೆಜ್ಜೆಯಿಟ್ಟ ಫಿಲಿಪಿನೋಗಳು ಕ್ರಮೇಣ ಸಂಘದಲ್ಲಿ ಹಿಂದಕ್ಕೆ ಸರಿದರು. ಇಟ್ಲಿಯಾಂಗ್ 1971ರಲ್ಲಿ ಹೊರನಡೆದರು. 1974ರಲ್ಲಿ ಅದೇ ಸಂಘ, ಮುಷ್ಕರ ಮುರಿಯಲು ಬಳಕೆಯಾಗುತ್ತಿದ್ದ ದಾಖಲೆಯಿಲ್ಲದ ವಲಸಿಗರನ್ನು ಅಧಿಕಾರಿಗಳಿಗೆ ಒಪ್ಪಿಸುವ ಅಭಿಯಾನ ನಡೆಸಿತು. ಸಮುದ್ರ ದಾಟಿದವನಿಗೇ ಹಿಂದೆ ಬರುವವನ ಮೇಲೆ ನೀರು ಮುಚ್ಚಿಕೊಳ್ಳಲೆಂಬ ಆಸೆ ಹುಟ್ಟುತ್ತದೆ. ನೀವೂ ಐಗುಪ್ತದಲ್ಲಿ ಪರದೇಶಿಗಳಾಗಿದ್ದಿರಿ ಎಂದು ಯಾಜಕಕಾಂಡ (19:34) ನೆನಪಿಸುವುದು ಈ ಆಸೆಗೆ ಎದುರಾಗಿ. ನಮ್ಮ ಆಡುನುಡಿಯಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನಷ್ಟೇ ಅಲ್ಲ, ದಿಕ್ಕಿಲ್ಲದವನು ಕೂಡ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಈ ಎರಡು ಅರ್ಥಗಳೂ ಒಂದೇ ಆಗಿದ್ದವು.

ಹಾಗಾದರೆ ಈ ಕಾದಂಬರಿಯನ್ನು ಬದಿಗಿಡಬೇಕೆ? ಇಡಬೇಕಿಲ್ಲ. ಅದರ ಕೊನೆಯ ಪುಟವೇ ಅದರ ದೋಷಕ್ಕೆ ಉತ್ತರ ಕೊಡುತ್ತದೆ. ಮಗುವನ್ನು ಕಳೆದುಕೊಂಡ ರೋಸ್ ಆಫ್ ಶಾರನ್, ಹಸಿವಿನಿಂದ ಸಾಯುತ್ತಿರುವ ಅಪರಿಚಿತನೊಬ್ಬನಿಗೆ ಕೊಟ್ಟಿಗೆಯಲ್ಲಿ ಎದೆಹಾಲು ಕೊಡುತ್ತಾಳೆ. ಅವನ ಹೆಸರನ್ನು ಅವಳು ಕೇಳುವುದಿಲ್ಲ, ಮನೆತನವನ್ನೂ ಕೇಳುವುದಿಲ್ಲ. ಅಲ್ಲಿ ರಕ್ತದ ಮಾತು ನಿಂತುಹೋಗುತ್ತದೆ. ಆ ಕೊಟ್ಟಿಗೆಯಲ್ಲಿ ಒಬ್ಬ ಫಿಲಿಪಿನೋ ಮಲಗಿದ್ದರೆ ಅವಳು ಏನು ಮಾಡುತ್ತಿದ್ದಳು, ಅವಳನ್ನು ಸೃಷ್ಟಿಸಿದ ಲೇಖಕ ಏನು ಬರೆಯುತ್ತಿದ್ದನು? ಈ ಕೃತಿಯನ್ನು ಪ್ರಸಂಗಪೀಠಕ್ಕೆ ಒಯ್ಯುವವರು ಆ ಪ್ರಶ್ನೆಯನ್ನೂ ಜೊತೆಗೆ ಒಯ್ಯಬೇಕು. ತಮ್ಮ ಸಭೆಯ ಬಾಗಿಲ ಹೊರಗೆ ನಿಂತವರ ಮುಖಗಳನ್ನು ನೋಡಿದ ಬಳಿಕವೇ ಅದಕ್ಕೆ ಉತ್ತರ ಹೇಳಬೇಕು.