ಭೂಕಂಪದ ಭವಿಷ್ಯಕ್ಕೆ ಯಾವ ಅಳತೆಗೋಲು?

2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾಗಳಲ್ಲಿ 7.8 ತೀವ್ರತೆಯ ಭೂಕಂಪ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೂರು ದಿನ ಮೊದಲು, ಗ್ರಹಗಳ ಸ್ಥಾನ ನೋಡಿ ಭೂಕಂಪ ಊಹಿಸುವ ನೆದರ್‌ಲ್ಯಾಂಡ್ಸ್‌ನ ಫ್ರಾಂಕ್ ಹೂಗರ್‌ಬೀಟ್ಸ್, ಆ ಭಾಗದಲ್ಲಿ ಸುಮಾರು 7.5 ತೀವ್ರತೆಯ ಕಂಪನವಾಗಲಿದೆ ಎಂದು ಟ್ವಿಟರ್‌ನಲ್ಲಿ ಬರೆದಿದ್ದರು. ಭವಿಷ್ಯ ನಿಜವಾಯಿತೆಂದು ಹಲವರು ಅವರನ್ನು ಕೊಂಡಾಡಿದರು.

ಹವ್ಯಾಸಿ ಎಂಬ ಕಾರಣಕ್ಕೇ ಒಬ್ಬರ ಮಾತನ್ನು ತಳ್ಳಿಹಾಕುವುದು ನ್ಯಾಯವಲ್ಲ. ಆಡಿದವರನ್ನಲ್ಲ, ಆಡಿದ ಮಾತನ್ನು ಪರೀಕ್ಷಿಸಬೇಕು. ಎಲ್ಲಿ, ಯಾವಾಗ, ಎಷ್ಟು ತೀವ್ರತೆ ಎಂಬ ಮೂರೂ ಮೊದಲೇ ಖಚಿತವಾಗಿರಬೇಕು. ಹೂಗರ್‌ಬೀಟ್ಸ್ ತೀವ್ರತೆಯನ್ನೇನೋ ಹೇಳಿದರು. ಆದರೆ ಅವರು ಹೇಳಿದ ಜಾಗ ದಕ್ಷಿಣ ಟರ್ಕಿಯಿಂದ ಜೋರ್ಡಾನ್‌ವರೆಗೆ ಹರಡಿತ್ತು. ಕಾಲದ ಬಗ್ಗೆ ಇದ್ದುದು ಇಂದಲ್ಲ ನಾಳೆ ಎಂಬರ್ಥದ ಮಾತು ಮಾತ್ರ. ಭೂಮಿಯ ದೊಡ್ಡ ಬಿರುಕುಗಳ ಮೇಲಿರುವ ಆ ನಾಡುಗಳ ಬಗ್ಗೆ ಇದನ್ನು ಯಾವ ವರ್ಷ ಹೇಳಿದರೂ ಸುಳ್ಳೆನ್ನಲಾಗದು. ಸುಳ್ಳಾಗಲು ಸಾಧ್ಯವೇ ಇಲ್ಲದ ಮಾತು ನಿಜವಾದರೆ ಅದರಲ್ಲಿ ಹೆಚ್ಚುಗಾರಿಕೆಯೇನು? ಹುಸಿಯಾದ ಊಹೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಇದೇ ಅಳತೆಗೋಲು ವಿಜ್ಞಾನಿಗಳಿಗೂ ಸಲ್ಲಬೇಕು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 1993ರೊಳಗೆ 6ರ ಆಸುಪಾಸಿನ ಭೂಕಂಪ ಆಗುತ್ತದೆಂದು ಅವರು 1985ರಲ್ಲಿ ಅಂದಾಜಿಸಿದ್ದರು. ಅದು ಬಂದದ್ದು 2004ರಲ್ಲಿ. ಆದರೆ ಗಡುವನ್ನು ಮೊದಲೇ ಬರೆದಿಟ್ಟಿದ್ದರಿಂದ ಸೋಲು ಎಲ್ಲರಿಗೂ ಕಂಡಿತು, ಅದರಿಂದ ಕಲಿಯಲೂ ಆಯಿತು.

ಮನೆಮಂದಿಯನ್ನು ಕಳೆದುಕೊಂಡವರಿಗೆ 'ಮೊದಲೇ ಹೇಳಿದ್ದರು, ಯಾರೂ ಕೇಳಲಿಲ್ಲ' ಎಂಬ ಮಾತು ಇನ್ನೊಂದು ಗಾಯ. ಅದು ಕಳಪೆ ಕಟ್ಟಡ ಕಟ್ಟಿದವರನ್ನೂ ಅದಕ್ಕೆ ಅನುಮತಿ ಕೊಟ್ಟವರನ್ನೂ ಮರೆಯಲ್ಲಿಡುತ್ತದೆ. ದಿನಾಂಕ ತಿಳಿಯದಿದ್ದರೂ ಗಟ್ಟಿಯಾದ ಗೋಡೆ ಜೀವ ಉಳಿಸುತ್ತದೆ.