ಶಹರಜಾದೆಯ ಪಿಟೀಲು

ರಷ್ಯಾದ ರಿಮ್‌ಸ್ಕಿ ಕೊರ್ಸಕೋವ್ 1888ರಲ್ಲಿ ಶಹರಜಾದೆಯನ್ನು ಪಿಟೀಲಿಗೆ ತಂದರು. ಅಲ್ಲಿ ಅವಳು ಕಥೆ ಹೇಳಿ ದೊರೆಯನ್ನು ತಣಿಸುತ್ತಾಳೆ. ಅಮೆರಿಕದ ಜಾನ್ ಆಡಮ್ಸ್ ಅವರ 'ಶಹರಜಾದೆ.2' (ನ್ಯೂಯಾರ್ಕ್, 2015) ಕೃತಿಯ ಪಿಟೀಲು ಯಾರನ್ನೂ ತಣಿಸುವುದಿಲ್ಲ. ಲೀಲಾ ಜೋಸೆಫೊವಿಚ್ ನುಡಿಸುವಾಗ ಇಡೀ ವಾದ್ಯವೃಂದ ಅವಳ ಬೆನ್ನಟ್ಟುತ್ತದೆ. ನಡುವೆ ನಮ್ಮ ಸಂತೂರಿನ ನೆಂಟನಂತಿರುವ ಹಂಗೇರಿಯ ಸಿಂಬಲೋಮ್ ಮಿಣುಗುತ್ತದೆ. ಮಿನಿಮಲಿಸಂನಿಂದ ಹೊರಟವರು ಎಷ್ಟು ದೂರ ಬಂದಿದ್ದಾರೆ!

ಮೂರನೆಯ ಭಾಗದ ಹೆಸರು ಮಾತ್ರ ನನಗೆ ಹಿಡಿಸಲಿಲ್ಲ: 'ಶಹರಜಾದೆ ಮತ್ತು ಗಡ್ಡದ ಗಂಡಸರು'. ಮತಾಂಧರು ಅವಳನ್ನು ವಿಚಾರಣೆಗೆ ಎಳೆಯುತ್ತಾರೆ. ಅಂಥವರಿಲ್ಲವೆಂದು ನಾನೆನ್ನಲಾರೆ, ಬರೆಯುವ ನಮ್ಮ ಹೆಣ್ಣುಮಕ್ಕಳು ಅವರನ್ನು ಚೆನ್ನಾಗಿ ಬಲ್ಲರು. ಆದರೆ ನಾವು 'ಅಲಿಫ್ ಲೈಲಾ' ಎಂದು ಓದಿದ ಕಥೆಯಲ್ಲಿ ಕೊಲ್ಲಿಸುವವನು ದೊರೆ, ಮುಲ್ಲಾ ಅಲ್ಲ. ಸಿಂಹಾಸನದ ಪಾಪವನ್ನು ಗಡ್ಡಕ್ಕೇಕೆ ಅಂಟಿಸಬೇಕು?

ಸಂಗೀತಕ್ಕೆ ಆ ಸೋಮಾರಿತನವಿಲ್ಲ. ವಾದ್ಯಗಳು ತಮ್ಮತಮ್ಮಲ್ಲೇ ಕಚ್ಚಾಡಿ ಅವಳ ಮೇಲೆ ಎಗರುತ್ತವೆ. ಪಿಟೀಲು ತಣ್ಣಗೆ ಉತ್ತರಿಸುತ್ತದೆ. ಭಾಗದ ಹೆಸರು ಮರೆತು ಕೇಳಿ.